ಮೈ ಯಾರ ಮುಂದೆ ಕುಗ್ಗುತ್ತದೆ? ದೇಹದಿಂದ ಶುರುವಾಗುವ ಅಭ್ಯಾಸಗಳಲ್ಲಿ ನಿಮಗೆ ಯಾವುದು ಸರಿ

ಹೋದ ವರ್ಷ ಖಾತೆ ಬದಲಾವಣೆಗೆಂದು ಒಂದು ಕಚೇರಿಗೆ ಹೋಗಿದ್ದೆ. ಕೌಂಟರಿನ ಗಾಜಿನಲ್ಲಿ ಒಬ್ಬ ಹೆಂಗಸು ಕಂಡಳು. ಹೆಗಲು ಕಿವಿಯ ಹತ್ತಿರ ಬಂದಿದೆ. ಫೈಲನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದಾಳೆ. ಮುಖದಲ್ಲಿ ಸುಮ್ಸುಮ್ನೆ ಒಂದು ನಗು. ಅದು ನಾನೇ ಅಂತ ಗೊತ್ತಾಗಲು ಒಂದು ಗಳಿಗೆ ಬೇಕಾಯಿತು.

ಕಾಲೇಜಿನಲ್ಲಿ ಅರವತ್ತು ಮಕ್ಕಳ ಮುಂದೆ ನೆಟ್ಟಗೆ ನಿಂತು ಪಾಠ ಮಾಡುವವಳು ನಾನು. ಇಲ್ಲಿ ಗುಮಾಸ್ತರು ಇನ್ನೂ ತಲೆ ಎತ್ತಿ ನೋಡಿಯೂ ಇರಲಿಲ್ಲ. ಅಷ್ಟರಲ್ಲೇ ಮೈ ತನ್ನ ಪಾಡಿಗೆ ತಾನು ಕುಗ್ಗಿಬಿಟ್ಟಿತ್ತು. ನಮ್ಮಮ್ಮ ರೇಷನ್ ಅಂಗಡಿಯ ಮುಂದೆ ಹೀಗೇ ನಿಲ್ಲುತ್ತಿದ್ದರು, ಕಾರ್ಡನ್ನು ಎದೆಗೆ ಒತ್ತಿಕೊಂಡು. ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನೋಡಿ ನೋಡಿ ಮೈಗೂಡಿತ್ತು.

ಕನ್ನಡಕ್ಕೆ ಇದು ಹೊಸ ವಿಷಯವೇನಲ್ಲ. ಕೈಕಟ್ಟಿ ನಿಂತ, ಹಲ್ಲುಕಚ್ಚಿ ಸಹಿಸಿದ, ಉಗುಳು ನುಂಗಿದ, ಎದೆ ಸೆಟೆಸಿದ, ಮೈಚಳಿ ಬಿಟ್ಟ. ಭಯ, ಸಿಟ್ಟು, ಮರ್ಯಾದೆ ಎಲ್ಲವನ್ನೂ ನಾವು ಹೇಳುವುದೇ ಮೈಯ ಮಾತಿನಲ್ಲಿ. ಆದರೆ ಮೈಯನ್ನೇ ಹಿಡಿದು ಈ ಗಂಟು ಬಿಚ್ಚಬಹುದು ಅನ್ನುವ ಪದ್ಧತಿಗಳು ಈಗ ಹತ್ತಾರು ಇವೆ. ಅಮೆರಿಕದ ಥಾಮಸ್ ಹಾನಾ 1970ರ ದಶಕದಲ್ಲಿ ಇವನ್ನೆಲ್ಲ ಸೇರಿಸಿ 'ಸೊಮ್ಯಾಟಿಕ್ಸ್' ಅಂತ ಹೆಸರಿಟ್ಟರು. ಗ್ರೀಕಿನಲ್ಲಿ 'ಸೋಮ' ಅಂದರೆ ದೇಹ. ನಮ್ಮ ಸೋಮವಾರದ ಸೋಮನಿಗೂ ಇದಕ್ಕೂ ನಂಟಿಲ್ಲ. ಡಾಕ್ಟರು ಹೊರಗಿನಿಂದ ನೋಡುವ ದೇಹ ಅಲ್ಲ, ಒಳಗಿನಿಂದ ನಮಗೇ ಗೊತ್ತಾಗುವ ಮೈ. ಹಾನಾ ಹೇಳಿದ್ದು ಅದನ್ನು.

ಆ ಕಚೇರಿಯ ಗಾಜಿನ ನಂತರ ನಾನು ಇವುಗಳಲ್ಲಿ ಕೆಲವನ್ನು ಮಾಡಿ ನೋಡಿದೆ. ಕೆಲವಕ್ಕೆ ದುಡ್ಡು ಸುರಿದೆ, ಒಂದರಲ್ಲಿ ಪೆಟ್ಟೂ ತಿಂದೆ. "ಯಾವುದಕ್ಕೆ ಸೇರಲಿ?" ಅಂತ ಗೆಳತಿಯರು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಾರ ನಿಮ್ಮನ್ನು ನೋಡಿಕೊಳ್ಳಿ

ಯಾವ ಪದ್ಧತಿ ದೊಡ್ಡದು, ಯಾವುದಕ್ಕೆ ಹೆಸರು ಜಾಸ್ತಿ ಅಂತ ಹುಡುಕುತ್ತಾ ಕೂರಬೇಡಿ. ಒಂದು ಚೀಟಿಯಲ್ಲಿ ಬರೆದಿಡಿ: ಇವತ್ತು ಮೈ ಎಲ್ಲಿ ಬಿಗಿಯಿತು, ಯಾವಾಗ, ಯಾರಿದ್ದರು.

ಒಬ್ಬರೇ ಪಾತ್ರೆ ತೊಳೆಯುವಾಗಲೂ ಕುತ್ತಿಗೆ ಬಿಗಿಯುತ್ತದೆ ಅಂದರೆ ಅದು ಅಭ್ಯಾಸಬಲ. ಯಾರೂ ಇಲ್ಲದಿರುವಾಗ, ಒಂದು ವಾಸನೆಗೋ ಒಂದು ಸದ್ದಿಗೋ ಎದೆ ಧಸಕ್ಕೆನ್ನುತ್ತದೆ, ಕೈಕಾಲು ತಣ್ಣಗಾಗುತ್ತದೆ ಅಂದರೆ ಹಿಂದೆ ಏನೋ ಆಗಿರಬಹುದು. ಅದರ ದಾರಿ ಬೇರೆ. ಇನ್ನು ಮನೆಯಲ್ಲಿ ಸರಿಯಾಗೇ ಇರುವ ಮೈ ಕೆಲವರ ಮುಂದೆ ಮಾತ್ರ ಕುಗ್ಗುತ್ತದೆ, ಅತ್ತೆ, ಸಾಹೇಬರು, ಸೂಪರ್‌ವೈಸರ್, ಮೇಲ್ಜಾತಿಯ ಮನೆಯ ಜಗಲಿ, ಅಂದರೆ ಆ ಬಿಗಿತ ನಿಮ್ಮೊಬ್ಬರದಲ್ಲ. ಅದನ್ನು ನೀವೊಬ್ಬರೇ ಚಾಪೆಯ ಮೇಲೆ ಮಲಗಿ ಬಿಡಿಸಲಾರಿರಿ. ನನ್ನ ಪ್ರಕಾರ ಇಡೀ ಆಯ್ಕೆ ನಿಂತಿರುವುದು ಇದರ ಮೇಲೆ. ಎಷ್ಟೋ ಜನ ಮೂರನೆಯ ತೊಂದರೆಗೆ ಮೊದಲನೆಯ ಮದ್ದು ತೆಗೆದುಕೊಂಡು, "ನನಗೇ ಏನೋ ಸರಿಯಿಲ್ಲ" ಅಂತ ಕೊರಗುತ್ತಾರೆ. ನಾನೂ ಹಾಗೇ ಮಾಡಿದ್ದೆ.

ಕುತ್ತಿಗೆ, ಬೆನ್ನು, ಅಭ್ಯಾಸಬಲ: ಅಲೆಕ್ಸಾಂಡರ್, ಫೆಲ್ಡನ್‌ಕ್ರೈಸ್

ಎಫ್.ಎಂ. ಅಲೆಕ್ಸಾಂಡರ್ 1869ರಲ್ಲಿ ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ಹುಟ್ಟಿದವರು. ವೇದಿಕೆಯ ಮೇಲೆ ಕಾವ್ಯ, ನಾಟಕದ ಭಾಗಗಳನ್ನು ವಾಚನ ಮಾಡುವುದು ಅವರ ಕಸುಬು. ವಾಚನ ಮಾಡುವಾಗಲೇ ದನಿ ಬೀಳುತ್ತಿತ್ತು. ಡಾಕ್ಟರರಿಗೆ ಕಾರಣ ಸಿಗಲಿಲ್ಲ. ಕನ್ನಡಿಗಳ ಮುಂದೆ ನಿಂತು ತಮ್ಮನ್ನು ತಾವೇ ನೋಡಿಕೊಂಡರು. ಬಾಯಿ ತೆರೆಯುವ ಮುಂಚೆಯೇ ತಲೆಯನ್ನು ಹಿಂದಕ್ಕೆ ಎಳೆದು ಕುತ್ತಿಗೆ ಅಮುಕುತ್ತಿದ್ದದ್ದು ಕಂಡಿತು. ಅವರ ಪದ್ಧತಿಯ ತಿರುಳೂ ಅಷ್ಟೇ: ಮಾಡುವುದಕ್ಕೆ ಮುಂಚೆ ಒಂದು ಕ್ಷಣ ತಡೆ, ಹಳೇ ಚಾಳಿಗೆ 'ಬೇಡ' ಅನ್ನು, ಆಮೇಲೆ ಮಾಡು.

ಪಾಠ ಹೇಗಿರುತ್ತದೆ ಅಂದರೆ, ಕುರ್ಚಿಯಿಂದ ಏಳುವುದು, ಕೂರುವುದು. ಅರ್ಧ ಗಂಟೆ ಅದೇ. ಶಿಕ್ಷಕರು ಎರಡು ಬೆರಳನ್ನು ಕುತ್ತಿಗೆಯ ಹಿಂದೆ ಹಗುರವಾಗಿ ಇಡುತ್ತಾರೆ. "ಏಳಿ" ಅಂದ ತಕ್ಷಣ ನನ್ನ ಗದ್ದ ಮೇಲಕ್ಕೆ ಹೋಗುತ್ತಿತ್ತು. ಅವರು ನಗುತ್ತಾ, "ಇನ್ನೂ ಎದ್ದೇ ಇಲ್ಲ, ಆಗಲೇ ಎದ್ದಷ್ಟು ಸುಸ್ತು ಮಾಡಿಕೊಂಡ್ರಲ್ಲ" ಅಂದರು. ಮೂರನೇ ಪಾಠದಲ್ಲಿ ಒಂದೇ ಒಂದು ಸಲ, ಎದ್ದದ್ದೇ ತಿಳಿಯದ ಹಾಗೆ ಎದ್ದುಬಿಟ್ಟೆ. ಆ ಹಗುರತನಕ್ಕಾಗಿ ಇನ್ನೂ ಮೂರು ಪಾಠದ ದುಡ್ಡು ಕೊಟ್ಟೆ.

ಬೆನ್ನುನೋವಿದ್ದರೆ ಇದಕ್ಕೆ ಗಟ್ಟಿ ಆಧಾರವಿದೆ. ಇಂಗ್ಲೆಂಡಿನಲ್ಲಿ 579 ಹಳೇ ಬೆನ್ನುನೋವಿನ ರೋಗಿಗಳ ಮೇಲೆ ನಡೆದ ಪರೀಕ್ಷೆ 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಒಂದು ವರ್ಷದ ನಂತರ ನೋಡಿದಾಗ, ಮಾಮೂಲಿ ಚಿಕಿತ್ಸೆಯವರು ನಾಲ್ಕು ವಾರದಲ್ಲಿ 21 ದಿನ ನೋವು ಅನ್ನುತ್ತಿದ್ದರು. 24 ಪಾಠ ಕಲಿತವರು 3 ದಿನ ಅಂದರು, ಆರು ಪಾಠ ಕಲಿತವರು 11 ದಿನ. ಆರು ಪಾಠದ ಜೊತೆ ಮನೆಯಲ್ಲಿ ವ್ಯಾಯಾಮ ಮಾಡಿದವರಿಗೆ ಹೆಚ್ಚುಕಮ್ಮಿ 24 ಪಾಠದಷ್ಟೇ ಗುಣ ಕಂಡಿತು. ಜೇಬಿಗೆ ಇದು ಒಳ್ಳೇ ಸುದ್ದಿ ಅಲ್ವಾ? ಆರು ಪಾಠಕ್ಕೆ ಒಪ್ಪಿಕೊಳ್ಳಿ, ನಡೆಯುವುದು ಬಿಡಬೇಡಿ.

ಫೆಲ್ಡನ್‌ಕ್ರೈಸ್ ಬೇರೆ ಜಾಡಿನವರು. 1904ರಲ್ಲಿ ಈಗಿನ ಉಕ್ರೇನ್‌ನಲ್ಲಿ ಹುಟ್ಟಿದ ಮೋಶೆ ಫೆಲ್ಡನ್‌ಕ್ರೈಸ್ ಭೌತಶಾಸ್ತ್ರ ಕಲಿತವರು, ಜೂಡೋ ಪಟು. ಮೊಣಕಾಲು ಕೆಟ್ಟಾಗ ಹೊಸದಾಗಿ ನಡೆಯುವುದನ್ನು ತಾವೇ ಕಲಿಯಲು ಹೊರಟರು. ಇಲ್ಲಿ ಕನ್ನಡಿ ಇಲ್ಲ, 'ಸರಿಯಾದ ಭಂಗಿ' ಅಂತಲೂ ಇಲ್ಲ. ನೆಲದ ಮೇಲೆ ಮಲಗಿ, ಸಣ್ಣ ಸಣ್ಣ ಚಲನೆ ಮಾಡಿ, ವ್ಯತ್ಯಾಸ ಗಮನಿಸುವುದು. ಈಗಲೇ ಒಂದು ಮಾಡಿ ನೋಡಿ. ಕುರ್ಚಿಯ ಅಂಚಿಗೆ ಬಂದು ಕೂತು, ನೋವಾಗದಷ್ಟು ಬಲಕ್ಕೆ ತಿರುಗಿ. ಗೋಡೆಯ ಮೇಲೆ ಎಲ್ಲಿಯವರೆಗೆ ಕಂಡಿತು ಅಂತ ಗುರುತು ಹಾಕಿಕೊಳ್ಳಿ. ವಾಪಸ್ ಬನ್ನಿ. ಈಗ ಮೈ, ತಲೆ ಬಲಕ್ಕೆ ತಿರುಗಲಿ, ಕಣ್ಣು ಮಾತ್ರ ಎಡಕ್ಕೆ ಹೋಗಲಿ. ನಿಧಾನವಾಗಿ ಆರೇಳು ಸಲ. ಸ್ವಲ್ಪ ಹೊತ್ತು ಸುಮ್ಮನೆ ಕೂತು, ಮೊದಲಿನ ಹಾಗೆ ಬಲಕ್ಕೆ ತಿರುಗಿ. ಗುರುತು ದಾಟಿ ಕಿಟಕಿಯೂ ಕಂಡಿರಬಹುದು. ಎಳೆದಿಲ್ಲ, ಜಗ್ಗಿಲ್ಲ.

ಎರಡರಲ್ಲಿ ಒಂದು ಅಂದರೆ? ವೇದಿಕೆಯ ಮೇಲೆ ನಿಲ್ಲುವವರು, ಹಾಡುವವರು, ಪಾಠ ಮಾಡುವವರು ಅಲೆಕ್ಸಾಂಡರ್ ನೋಡಿ. ಬೇರೆಯವರು ಮುಟ್ಟುವುದು ಇಷ್ಟವಿಲ್ಲದವರು, ವಯಸ್ಸಾದವರು, ಮಂಡಿ ಸೊಂಟ ಹಿಡಿದವರು ಫೆಲ್ಡನ್‌ಕ್ರೈಸ್‌ನ ಗುಂಪು ಪಾಠಕ್ಕೆ ಹೋಗಿ. ಅದರಲ್ಲಿ ಮಾತಿನಲ್ಲೇ ಹೇಳುತ್ತಾರೆ, ಮುಟ್ಟುವುದಿಲ್ಲ. ರೆಕಾರ್ಡಿಂಗ್ ಹಾಕಿಕೊಂಡು ಮನೆಯಲ್ಲೂ ಮಾಡಬಹುದು. ತೊಡಕು ಏನಂದರೆ, ಎರಡಕ್ಕೂ ನಮ್ಮಲ್ಲಿ ಶಿಕ್ಷಕರು ಬೆರಳೆಣಿಕೆ. ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ. ತುಮಕೂರಿನಿಂದ ನಾನು ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬರುವಷ್ಟರಲ್ಲಿ ಬಿಚ್ಚಿದ ಕುತ್ತಿಗೆ ಮತ್ತೆ ಹಿಡಿದುಕೊಂಡಿರುತ್ತಿತ್ತು.

ಇನ್ನೊಂದು ಮಾತು. ಅಲೆಕ್ಸಾಂಡರ್ ಬರಹಗಳಲ್ಲಿ 'ಅನಾಗರಿಕ' ಜನ ಅಂತ ಕೆಲವರನ್ನು ಕೀಳಾಗಿ ಕಾಣುವ ಸಾಲುಗಳಿವೆ. ಆ ಕಾಲದವರು ಬಿಡಿ ಅನ್ನಬಹುದು. ಆದರೆ ನೆಟ್ಟಗೆ ನಿಲ್ಲುವುದನ್ನು ಕಲಿಸುವವರು, ಬಾಗಿದವರನ್ನು ಬಾಗಿಸಿದ್ದು ಯಾರು ಅಂತ ಕೇಳುವುದಿಲ್ಲ. ಆರು ಪಾಠದ ನಂತರ ನನ್ನ ಕುತ್ತಿಗೆ ನೋವು ಇಳಿಯಿತು. ಆ ಕಚೇರಿಯ ಕೌಂಟರಿನಲ್ಲಿ ಹೆಗಲು ಮಾತ್ರ ಇಳಿಯಲಿಲ್ಲ.

ಇದೆಲ್ಲ ನಮ್ಮ ಯೋಗದಲ್ಲೇ ಇಲ್ವಾ?

ಇದೆ, ಇಲ್ಲ, ಎರಡೂ. ಬಿ.ಕೆ.ಎಸ್. ಅಯ್ಯಂಗಾರ್ ಕೋಲಾರ ಜಿಲ್ಲೆಯ ಬೆಳ್ಳೂರಿನವರು, 1918ರಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ, ಟೈಫಾಯಿಡ್ ಎಲ್ಲ ಬಂದು ಸೊರಗಿದ್ದ ಹುಡುಗ. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಕಲಿತರು. ಕುರ್ಚಿ, ಹಗ್ಗ, ಮರದ ಇಟ್ಟಿಗೆ, ಮಡಚಿದ ಕಂಬಳಿ ಇಟ್ಟು, ಯಾವ ಮೈಯಾದರೂ ಆಸನ ಮಾಡುವ ಹಾಗೆ ಮಾಡಿದರು. ಹತ್ತಿರದಲ್ಲಿ ಸಿಗುತ್ತದೆ, ಕನ್ನಡದಲ್ಲಿ ಸಿಗುತ್ತದೆ, ಖರ್ಚು ಕಮ್ಮಿ. ಬರೀ ಅಭ್ಯಾಸಬಲದ ಬಿಗಿತಕ್ಕೆ ಒಳ್ಳೇ ಅಯ್ಯಂಗಾರ್ ಶಿಕ್ಷಕರು ಸಿಕ್ಕರೆ, ಬೆಂಗಳೂರಿಗೆ ಬಸ್ ಹಿಡಿಯಬೇಡಿ ಅಂತಲೇ ಹೇಳುತ್ತೇನೆ.

ವ್ಯತ್ಯಾಸ ಇರುವುದು ಗುರು ನಿಲ್ಲುವ ಜಾಗದಲ್ಲಿ. ಆಸನಕ್ಕೆ ಒಂದು ಆಕಾರವಿದೆ, ಗುರು ಅದಕ್ಕೆ ತಿದ್ದುತ್ತಾರೆ. ಸೊಮ್ಯಾಟಿಕ್ ಪಾಠದಲ್ಲಿ ತಿದ್ದುವುದಕ್ಕಿಂತ "ಏನನ್ನಿಸಿತು?" ಅಂತ ಕೇಳುವುದು ಜಾಸ್ತಿ. ತಿದ್ದುವ ಕೈ ಎಲ್ಲಿಯವರೆಗೆ ಹೋಗಬಹುದು ಅನ್ನುವುದು ಸಣ್ಣ ಪ್ರಶ್ನೆಯಲ್ಲ. ಮೈಸೂರಿನ ಅಷ್ಟಾಂಗ ಯೋಗದ ಗುರು ಪಟ್ಟಾಭಿ ಜೋಯಿಸರು 2009ರಲ್ಲಿ ತೀರಿಕೊಂಡರು. ಆಸನ ತಿದ್ದುವಾಗ ಅವರು ಮುಟ್ಟಬಾರದ ರೀತಿಯಲ್ಲಿ ಮುಟ್ಟುತ್ತಿದ್ದರು ಅಂತ ಹಲವು ಶಿಷ್ಯೆಯರು ಬಹಿರಂಗವಾಗಿ ಹೇಳಿದರು. 2019ರಲ್ಲಿ ಮೊಮ್ಮಗ ಶರತ್ ಜೋಯಿಸ್ ಕ್ಷಮೆ ಕೇಳಿದರು. ನನ್ನದು ಅಷ್ಟು ದೊಡ್ಡದಲ್ಲ. ಒಂದು ಕ್ಲಾಸಿನಲ್ಲಿ, ಕಾಲು ಚಾಚಿ ಮುಂದಕ್ಕೆ ಬಗ್ಗುವ ಪಶ್ಚಿಮೋತ್ತಾನಾಸನದಲ್ಲಿದ್ದಾಗ ಶಿಕ್ಷಕರು ಕೇಳದೆ ಬೆನ್ನ ಮೇಲೆ ಭಾರ ಬಿಟ್ಟರು. ಚಟಕ್ ಅಂತು. ಮೂರು ವಾರ ಬಗ್ಗಲಾಗಲಿಲ್ಲ. ಅದಕ್ಕಿಂತ ಹೆಚ್ಚು ಚುಚ್ಚಿದ್ದು, ಬೇಡ ಅನ್ನಲು ನನಗೆ ಬಾಯಿ ಬರದೇ ಇದ್ದದ್ದು.

ವಿಪಶ್ಯನ ಹೆಸರಿಗೆ ಧ್ಯಾನ, ಆದರೆ ಕೆಲಸವೆಲ್ಲ ಮೈಯ ಮೇಲೇ. ಗೋಯೆಂಕಾ ಅವರ ಪದ್ಧತಿಯಲ್ಲಿ ಹತ್ತು ದಿನ ಮೌನ, ಬೆಳಗಿನ ನಾಲ್ಕಕ್ಕೆ ಗಂಟೆ, ತಲೆಯಿಂದ ಕಾಲಿನವರೆಗೆ ಒಂದೊಂದೇ ಭಾಗದಲ್ಲಿ ಏನಾಗುತ್ತಿದೆ ಅಂತ ನೋಡುತ್ತಾ ಹೋಗುವುದು. ಶುಲ್ಕವಿಲ್ಲ, ಮುಗಿದ ಮೇಲೆ ಮನಸ್ಸಿದ್ದಷ್ಟು ದಾನ. ಕಿರಣ್ ಬೇಡಿ ಅಧಿಕಾರಿಯಾಗಿದ್ದಾಗ, 1994ರಲ್ಲಿ ತಿಹಾರ್ ಜೈಲಿನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತಿದ್ದರು. ಬೆಂಗಳೂರಿನ ಹತ್ತಿರವೂ ಕೇಂದ್ರವಿದೆ.

ನಾನು ಕೂತೆ. ನಾಲ್ಕನೇ ದಿನದಿಂದ ಒಂದು ಗಂಟೆ ಅಲುಗಾಡದೆ ಕೂರಬೇಕು. ಮಂಡಿ ಉರಿಯುತ್ತದೆ, ಉರಿಯನ್ನು ಸುಮ್ಮನೆ ನೋಡಬೇಕು. ಆರನೇ ದಿನ ಉರಿ ಕರಗಿ, ಬರೀ ಝುಮ್ ಅನ್ನುವುದಷ್ಟೇ ಉಳಿಯಿತು. ಸಿಟ್ಟು ಬಂದ ತಕ್ಷಣ ಹಾರುವವರಿಗೆ, ಚಟ ಬಿಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೇದು ಕಂಡಿಲ್ಲ. ಆದರೆ ನನ್ನ ಪಕ್ಕದ ಕೋಣೆಯಲ್ಲಿ ಒಬ್ಬ ಅಕ್ಕ ಇದ್ದರು. ಕೊನೆಯ ದಿನ ಮೌನ ಬಿಟ್ಟಾಗ ಹೇಳಿದರು: "ಇಪ್ಪತ್ತೆರಡು ವರ್ಷದಿಂದ ಸಹಿಸ್ಕೊಂಡೇ ಬಂದಿದೀನಿ ಕಣಮ್ಮ. ಇಲ್ಲೂ ಅದನ್ನೇ ಚೆನ್ನಾಗಿ ಮಾಡಿದೆ." ಹುಟ್ಟಿದಾಗಿನಿಂದ 'ತಡ್ಕೋ' ಅಂತಲೇ ಕೇಳಿಸಿಕೊಂಡವರಿಗೆ, ಅಲುಗಾಡದೆ ತಡೆದುಕೊಳ್ಳುವ ಅಭ್ಯಾಸ ಮೊದಲನೆಯದಾಗಬೇಕಾ? ನನಗೆ ಅನುಮಾನ. ಅವರಿಗೆ ಬೇಕಿದ್ದದ್ದು ಎದ್ದು ನಿಲ್ಲುವ ಅಭ್ಯಾಸ.

ಹಳೆಯ ಗಾಯವಿದ್ದರೆ

ಇಲ್ಲಿ ಉದ್ದ ಬರೆಯುವುದಿಲ್ಲ, ಏಕೆಂದರೆ ಇದು ಓದಿ ಆರಿಸಿಕೊಳ್ಳುವ ವಿಷಯವಲ್ಲ. ಹೊಡೆತ, ಅತ್ಯಾಚಾರ, ಅಪಘಾತ ಇಂಥದ್ದು ಹಿಂದೆ ಇದ್ದರೆ ಮೊದಲು ಒಬ್ಬ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ನೋಡಿ. ಬೆಂಗಳೂರಿನ ನಿಮ್ಹಾನ್ಸ್ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಮೈಯ ಅಭ್ಯಾಸ ಅದರ ಜೊತೆಗೆ, ಅದರ ಬದಲು ಅಲ್ಲ.

ಜೊತೆಗೆ ಅಂದರೆ ಯಾವುದು? ಗಾಯಗೊಂಡವರಿಗೆಂದೇ ರೂಪಿಸಿದ ಯೋಗವಿದೆ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಡೇವಿಡ್ ಎಮರ್ಸನ್ ಮತ್ತು ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಕ್ ಬೆಳೆಸಿದ್ದು. ಶಿಕ್ಷಕರು ಮುಟ್ಟುವುದಿಲ್ಲ. "ಕೈ ಎತ್ತಿ" ಅನ್ನುವುದಿಲ್ಲ, "ಬೇಕೆನಿಸಿದರೆ ಎತ್ತಬಹುದು, ಬೇಡವಾದರೆ ಬಿಡಬಹುದು" ಅನ್ನುತ್ತಾರೆ. ಬೇರೆ ಚಿಕಿತ್ಸೆಗೆ ಬಗ್ಗದ ಆಘಾತದ ತೊಂದರೆಯಿದ್ದ 64 ಹೆಂಗಸರ ಮೇಲೆ ಹತ್ತು ವಾರದ ಪರೀಕ್ಷೆ ನಡೆಸಿ 2014ರಲ್ಲಿ ಪ್ರಕಟಿಸಿದರು. ಯೋಗ ಮಾಡಿದವರಲ್ಲಿ 52 ಶೇಕಡಾ ಮಂದಿ ಆ ಕಾಯಿಲೆಯ ಪಟ್ಟಿಯಿಂದ ಹೊರಬಂದರು, ಮಾಡದ ಗುಂಪಿನಲ್ಲಿ 21 ಶೇಕಡಾ. ಮೈಯೊಳಗೆ ಏನಾಗುತ್ತಿದೆ ಅಂತ ಗಮನಿಸುತ್ತಾ ಆಘಾತ ಬಿಡಿಸುವ, ಪೀಟರ್ ಲೆವಿನ್ ಅವರ 'ಸೊಮ್ಯಾಟಿಕ್ ಎಕ್ಸ್‌ಪೀರಿಯೆನ್ಸಿಂಗ್'ಗೆ ಈಗ ಹೆಸರು ಜಾಸ್ತಿ, ಸಂಶೋಧನೆ ಇನ್ನೂ ತೆಳು. ಕಲಿತ ಚಿಕಿತ್ಸಕರಾದರೆ ಸರಿ, ಬರೀ ಸರ್ಟಿಫಿಕೇಟ್ ತೋರಿಸುವವರಾದರೆ ಬೇಡ.

ಎರಡು ದಿನದಲ್ಲಿ ಬಿಡುಗಡೆ ಅನ್ನುವ ವಾರಾಂತ್ಯದ ಶಿಬಿರಗಳಿಂದ ದೂರ ಇರಿ. ಒಂದಕ್ಕೆ ಹೋಗಿದ್ದೆ. ಜೋರಾಗಿ ಉಸಿರಾಡಿಸಿದರು, ಹಾಡು ಹಾಕಿದರು, ಅಳದವರ ಹತ್ತಿರ ಬಂದು "ತಡೀಬೇಡಿ, ಬಿಟ್ಬಿಡಿ" ಅಂದರು. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗಿ ನಡುಗಲು ಶುರು ಮಾಡಿದವಳು ನಿಲ್ಲಲೇ ಇಲ್ಲ. ಊಟದ ಹೊತ್ತಾಯಿತು, ಎಲ್ಲರೂ ಎಲೆಯ ಮುಂದೆ ಕೂತರು. ಅವಳು ಮೂಲೆಯಲ್ಲಿ ದುಪಟ್ಟಾ ಕಚ್ಚಿಕೊಂಡು ಕೂತಿದ್ದಳು. ನಡೆಸುವವರು "ಪ್ರೊಸೆಸ್ ಆಗ್ತಿದೆ" ಅಂದರು. ನಾನೂ ಇನ್ನೊಬ್ಬರೂ ಸೇರಿ ಆಟೋದಲ್ಲಿ ಮನೆಗೆ ಬಿಟ್ಟು ಬಂದೆವು.

ಕುಣಿತ, ಚಲನೆಯ ಚಿಕಿತ್ಸೆ ಇದಕ್ಕಿಂತ ಮೆತ್ತಗಿನದು. ಮೇರಿಯನ್ ಚೇಸ್ ಎಂಬ ನೃತ್ಯಗಾತಿ 1942ರಲ್ಲಿ ವಾಷಿಂಗ್ಟನ್ನಿನ ಮಾನಸಿಕ ಆಸ್ಪತ್ರೆಯೊಂದರಲ್ಲಿ ಶುರು ಮಾಡಿದರು. ರೋಗಿ ಕೈ ಆಡಿಸಿದ ಹಾಗೆ ತಾವೂ ಆಡಿಸಿ, ಅಲ್ಲಿಂದ ಮಾತು ಹುಟ್ಟಿಸುತ್ತಿದ್ದರು. ನಮ್ಮ ದೇಶದಲ್ಲಿ ಇದನ್ನು ನೆಲಕ್ಕಿಳಿಸಿದ್ದು ಕೋಲ್ಕತ್ತದ ಸಂವೇದ್ ಸಂಸ್ಥೆ. ಸೋಹಿನಿ ಚಕ್ರವರ್ತಿ 2004ರಲ್ಲಿ ಕಟ್ಟಿದ್ದು. ಮಾನವ ಸಾಗಣೆಯಿಂದ ಪಾರಾದ ಹೆಣ್ಣುಮಕ್ಕಳು ಅಲ್ಲಿ ಕುಣಿತದಿಂದ ತಮ್ಮ ಮೈಯನ್ನು ಮರಳಿ ತಮ್ಮದಾಗಿ ಮಾಡಿಕೊಂಡರು, ಆಮೇಲೆ ಅವರಲ್ಲೇ ಕೆಲವರು ಕಲಿಸುವವರಾದರು. ಮಾತು ಬರದವರಿಗೆ, ಹದಿಹರೆಯದವರಿಗೆ ನನ್ನ ಮೊದಲ ಸಲಹೆ ಇದೇ.

ಕೆಲವರ ಮುಂದೆ ಮಾತ್ರ ಕುಗ್ಗುವ ಮೈಗೆ

ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೋ ಬೋಲ್ 1971ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರದ ಕೈಗೆ ಸಿಕ್ಕಿ ಚಿತ್ರಹಿಂಸೆ ತಿಂದು ದೇಶ ಬಿಟ್ಟವರು. 'ದಮನಿತರ ರಂಗಭೂಮಿ' ಅವರು ಕಟ್ಟಿದ್ದು. ನಾಟಕ ಅಂದ ತಕ್ಷಣ ಬಣ್ಣ, ಪರದೆ ನೆನೆಸಿಕೊಳ್ಳಬೇಡಿ. ಶುರುವಾಗುವುದು ಮೈಯಿಂದಲೇ. ದಿನಾ ಮಾಡುವ ಕೆಲಸ ಸ್ನಾಯುಗಳನ್ನು ಹೇಗೆ ತಿರುಚಿದೆ ಅಂತ ಮೊದಲು ಆಟಗಳಲ್ಲಿ ಕಂಡುಕೊಳ್ಳಬೇಕು. ಆಮೇಲೆ 'ಚಿತ್ರ ರಂಗಭೂಮಿ': ಮಾತಿಲ್ಲ, ಒಬ್ಬರು ಉಳಿದವರ ಮೈಯನ್ನು ಮಣ್ಣಿನ ಹಾಗೆ ತಿದ್ದಿ ತಮ್ಮ ಬದುಕಿನ ಒಂದು ಚಿತ್ರ ನಿಲ್ಲಿಸುವುದು.

ಒಂದು ಭಾನುವಾರ ಶಾಲೆಯೊಂದರ ಹಾಲ್‌ನಲ್ಲಿ ನೋಡಿದ್ದನ್ನು ಹೇಳುತ್ತೇನೆ. ಹದಿನಾಲ್ಕು ಜನ ಗಾರ್ಮೆಂಟ್ಸ್ ಹೆಂಗಸರು. ಅವರಲ್ಲಿ ಒಬ್ಬಳು, ಟೈಲರ್, ಚಿತ್ರ ಮಾಡಿದಳು. ಒಬ್ಬಳನ್ನು ಬೆಂಚಿನ ಮೇಲೆ ನಿಲ್ಲಿಸಿ ಬೆರಳು ತೋರಿಸುವ ಹಾಗೆ ಕೈ ಎತ್ತಿಸಿದಳು, ಅದು ಸೂಪರ್‌ವೈಸರ್. ಇನ್ನೊಬ್ಬಳನ್ನು ಮಷೀನಿನ ಮುಂದೆ ಕೂತ ಹಾಗೆ ಬಗ್ಗಿಸಿ, ತಲೆಯನ್ನು ಇನ್ನೂ ಒಂದಿಷ್ಟು ಒತ್ತಿದಳು, ಅದು ತಾನು. ಪಕ್ಕದ ಮಷೀನಿನವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಆಚೆ ಕಡೆಗೆ ತಿರುಗಿಸಿದಳು. ಅದೊಂದಕ್ಕೆ ಜಾಸ್ತಿ ಹೊತ್ತು ತೆಗೆದುಕೊಂಡಳು. "ಈಗ ಇದು ಹೇಗಿದ್ರೆ ಚೆಂದ, ಹಾಗೆ ಮಾಡು" ಅಂದರು ನಡೆಸುವವರು. ಬೆಂಚಿನ ಮೇಲಿನವಳನ್ನು ಇಳಿಸುತ್ತಾಳೆ, ತನ್ನನ್ನು ನಿಲ್ಲಿಸುತ್ತಾಳೆ ಅಂತ ನಾವೆಲ್ಲ ಕಾದೆವು. ಅವಳು ಅವರಿಬ್ಬರನ್ನು ಮುಟ್ಟಲೇ ಇಲ್ಲ. ಪಕ್ಕದವಳ ಮುಖವನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿದಳು. ಅಷ್ಟೇ. ಮಷೀನಿನ ಮುಂದೆ ಬಗ್ಗಿದ್ದವಳ ಬೆನ್ನು ತಾನಾಗೇ ಸ್ವಲ್ಪ ಎದ್ದಿತು. ಆ ಪಾತ್ರದವಳಿಗೆ ಯಾರೂ ಹೇಳಿರಲಿಲ್ಲ.

ಆಮೇಲೆ 'ಫೋರಂ': ಟಾರ್ಗೆಟ್ ಮುಗಿದಿಲ್ಲ, ಟಾಯ್ಲೆಟ್‌ಗೆ ಹೋಗಬೇಕು, ಸೂಪರ್‌ವೈಸರ್ ಬಿಡುತ್ತಿಲ್ಲ. ನೋಡುವವರು ಯಾರು ಬೇಕಾದರೂ "ನಿಲ್ಸಿ" ಅಂದು ಎದ್ದು ಬಂದು ಪಾತ್ರ ವಹಿಸಿ ಬೇರೆ ದಾರಿ ಹಿಡಿಯಬಹುದು. ಒಬ್ಬಳು ಜಗಳ ಮಾಡಿದಳು, ಸೂಪರ್‌ವೈಸರ್ ಆಗಿದ್ದವಳು ಗೇಟ್ ತೋರಿಸಿದಳು. ಒಬ್ಬಳು "ಸಾರ್, ಸಾರ್" ಅಂತ ಗೋಗರೆದಳು, ಅದಕ್ಕೂ ಬಗ್ಗಲಿಲ್ಲ. ಮೂರನೆಯವಳು ಬಂದು ಮಾಲೀಕರನ್ನೇ ಕರೆಸಿದಳು, ಅವರು ಕ್ಷಮೆ ಕೇಳಿದರು. ಹಾಲೆಲ್ಲ "ಮ್ಯಾಜಿಕ್, ಮ್ಯಾಜಿಕ್!" ಅಂತ ಕೂಗಿತು. ನಡೆಯದ್ದನ್ನು ತೋರಿಸಿದರೆ ಹಾಗೆ ಕೂಗುವುದು ಬೋಲ್ ಆಟದ ನಿಯಮ. ಕೊನೆಗೆ ಒಂದೇ ಲೈನಿನ ಮೂವರು ಒಟ್ಟಿಗೆ ಎದ್ದು ನಿಂತರು, ಬಾಯಿ ಬಿಡಲಿಲ್ಲ. ಸೂಪರ್‌ವೈಸರ್ ಪಾತ್ರದವಳ ಎತ್ತಿದ ಬೆರಳು ಏನು ಮಾಡಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು.

ನಮ್ಮಲ್ಲಿ ಬೀದಿನಾಟಕಕ್ಕೆ ಬರವಿಲ್ಲ. 'ಸಮುದಾಯ' ತಂಡ 1975ರಿಂದ ಇದೆ. ಆದರೆ ಬೀದಿನಾಟಕದಲ್ಲಿ ಉತ್ತರ ತಂಡದ ಜೇಬಿನಲ್ಲಿರುತ್ತದೆ. ಇಲ್ಲಿ ನೋಡುವವರೇ ಹುಡುಕಬೇಕು, ಅದೂ ತಮ್ಮದೇ ಮೈಯಲ್ಲಿ ಮಾಡಿ ನೋಡಬೇಕು. 1985ರಲ್ಲಿ ಹುಟ್ಟಿದ ಪಶ್ಚಿಮ ಬಂಗಾಳದ 'ಜನ ಸಂಸ್ಕೃತಿ' ಹಳ್ಳಿಗಳಲ್ಲಿ ಇದನ್ನು ಮಾಡುತ್ತಾ ಬಂದಿದೆ. ಬೋಲ್ ಸ್ವತಃ 1993ರಿಂದ 1996ರವರೆಗೆ ರಿಯೋ ನಗರಸಭೆಯ ಸದಸ್ಯರಾಗಿದ್ದಾಗ ಇಂಥ ಆಟಗಳಿಂದ ಎದ್ದ ಬೇಡಿಕೆಗಳಲ್ಲಿ 13 ಕಾನೂನುಗಳಾದವು. ಕುತ್ತಿಗೆ ನೋವಿಗೆ ಇದು ಮದ್ದಲ್ಲ. ಒಬ್ಬರೇ ಹೋಗಿ ಕಲಿಯುವುದೂ ಅಲ್ಲ. ನಿಮ್ಮದೇ ಕೌಂಟರಿನ ಮುಂದೆ ನಿಲ್ಲುವ ಇನ್ನೂ ಐದಾರು ಜನ ಬೇಕು. ಖರ್ಚು ಮಾತ್ರ ತುಂಬಾ ಕಮ್ಮಿ: ಒಂದು ಹಾಲ್, ನಡೆಸಲು ಪಳಗಿದ ಒಬ್ಬರು, ಚಹಾ.

ಮೈಯನ್ನು ಹೋರಾಟಕ್ಕೆ ಅಣಿ ಮಾಡುವುದೇ ಬೇರೆ ತರಬೇತಿ. ಜೇಮ್ಸ್ ಲಾಸನ್ ಎಂಬ ಕಪ್ಪು ಪಾದ್ರಿ 1950ರ ದಶಕದಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯನ್ನು ಓದಿಕೊಂಡು ಅಮೆರಿಕಕ್ಕೆ ಮರಳಿದರು. 1959ರಲ್ಲಿ ನ್ಯಾಶ್‌ವಿಲ್‌ನ ಚರ್ಚೊಂದರಲ್ಲಿ ವಿದ್ಯಾರ್ಥಿಗಳನ್ನು ಕುರ್ಚಿಯ ಮೇಲೆ ಕೂರಿಸಿ, ಅವರ ಸ್ನೇಹಿತರಿಂದಲೇ ಬೈಗುಳ ಬೈಸಿದರು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಿಸಿದರು, ಕುರ್ಚಿಯಿಂದ ಕೆಡವಿಸಿದರು. ಬಿದ್ದಾಗ ತಲೆ ಹೇಗೆ ಕಾಪಾಡಿಕೊಳ್ಳಬೇಕು, ಕೈ ಎತ್ತದೆ ಹೇಗಿರಬೇಕು ಅನ್ನುವುದನ್ನು ಮತ್ತೆ ಮತ್ತೆ ಮಾಡಿಸಿದರು. 1960ರ ಫೆಬ್ರವರಿಯಲ್ಲಿ ಆ ಹುಡುಗ ಹುಡುಗಿಯರು ಬಿಳಿಯರಿಗೆಂದೇ ಇಟ್ಟಿದ್ದ ಹೋಟೆಲ್ ಕೌಂಟರುಗಳಲ್ಲಿ ಕೂತರು. ಮೇ ತಿಂಗಳಲ್ಲಿ ಕೌಂಟರುಗಳು ಅವರಿಗೂ ತೆರೆದವು. ಹೊರಗಿನಿಂದ ವಿಪಶ್ಯನದ ಹಾಗೆಯೇ ಕಾಣುತ್ತದೆ, ಅಲುಗಾಡದೆ ಕೂರುವುದು. ಆದರೆ ಇದು ತಡೆದುಕೊಳ್ಳುವುದಲ್ಲ, ಕೂರಬಾರದು ಅಂದ ಜಾಗದಲ್ಲಿ ಕೂರುವುದು. 1983ರಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯಲ್ಲಿ ಮರ ತಬ್ಬಿ ನಿಂತ ಅಪ್ಪಿಕೋದವರೂ ಇದೇ ಜಾಡಿನವರು. ಕೊಡಲಿ ಮತ್ತು ಮರದ ನಡುವೆ ಇಟ್ಟದ್ದು ಮೈಯನ್ನೇ ತಾನೆ.

ಇಷ್ಟು ದೊಡ್ಡದು ಬೇಡ, ಗೆಳತಿಯರ ಜೊತೆ ಚಿಕ್ಕದಾಗಿ ಏನಾದರೂ ಅನ್ನುವವರಿಗೆ ಬೆಂಗಳೂರಿನಲ್ಲಿ 2003ರಲ್ಲಿ ಬೀದಿಯ ಕಿರುಕುಳದ ವಿರುದ್ಧ ಶುರುವಾದ ಬ್ಲ್ಯಾಂಕ್ ನಾಯ್ಸ್‌ನವರ 'ಮೀಟ್ ಟು ಸ್ಲೀಪ್' ಇದೆ. ಹೆಂಗಸರು ಒಟ್ಟಿಗೆ ಪಾರ್ಕಿಗೆ ಹೋಗಿ ಹುಲ್ಲಿನ ಮೇಲೆ ನಿದ್ದೆ ಮಾಡುವುದು. ಕೇಳಲು ತಮಾಷೆ. ನಾವು ಮೂವರು ನಮ್ಮಷ್ಟಕ್ಕೆ ಕಬ್ಬನ್ ಪಾರ್ಕಿನಲ್ಲಿ ಮಾಡಿ ನೋಡಿದೆವು. ಅರ್ಧ ಗಂಟೆ ಕಣ್ಣು ಮುಚ್ಚಿದೆ, ನಿದ್ದೆ ಬರಲಿಲ್ಲ. ಎದ್ದಾಗ ನೋಡುತ್ತೇನೆ, ಬಲಗೈ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದೇ ಇತ್ತು. ಅಂಗೈ ಮೇಲೆ ಬರೆ ಬಂದಿತ್ತು.

ಮೈಯ ಅಭ್ಯಾಸ, ಹೋರಾಟ ಎರಡನ್ನೂ ಜೋಡಿಸುವವರೂ ಇದ್ದಾರೆ. ಅಮೆರಿಕದ ಸ್ಟೇಸಿ ಹೇಯ್ನ್ಸ್ ಮತ್ತು ಸಂಗಡಿಗರ 'ಜನರೇಟಿವ್ ಸೊಮ್ಯಾಟಿಕ್ಸ್' ಚಳವಳಿಯವರಿಗೇ ಮೈಯ ಅಭ್ಯಾಸ ಕಲಿಸಲು ಹುಟ್ಟಿದ್ದು. ನನಗೆ ಅದರಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ. ನಿಂತಲ್ಲೇ ಉದ್ದಕ್ಕೆ ಬೆಳೆ, ಅದು ಘನತೆ. ಅಗಲಕ್ಕೆ ಹರಡು, ಅಕ್ಕಪಕ್ಕದವರು. ಹಿಂದಕ್ಕೆ ಒರಗು, ಬೆನ್ನ ಹಿಂದೆ ಇರುವವರು. ಎರಡು ಉಸಿರಿನಷ್ಟು ಹೊತ್ತು ಸಾಕು, ಕ್ಯೂನಲ್ಲೇ ಮಾಡಬಹುದು. ಹಿಂದಕ್ಕೆ ಒರಗುವಾಗ ಈಗ ನನಗೆ ರೇಷನ್ ಕಾರ್ಡ್ ಹಿಡಿದ ಅಮ್ಮ ನೆನಪಾಗುತ್ತಾರೆ.

ಸೇರುವ ಮುಂಚೆ ಒಂದು ಫೋನ್

ಯಾವುದೇ ಆರಿಸಿಕೊಳ್ಳಿ, ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ. ಎಷ್ಟು ವರ್ಷ ಕಲಿತಿದ್ದೀರಿ ಅಂತ ಕೇಳಿ. ಅಲೆಕ್ಸಾಂಡರ್, ಫೆಲ್ಡನ್‌ಕ್ರೈಸ್ ಎರಡರಲ್ಲೂ ಶಿಕ್ಷಕರಾಗಲು ಮೂರು ನಾಲ್ಕು ವರ್ಷ ಬೇಕು. ವಾರದ ಕೋರ್ಸ್ ಮಾಡಿ ಬಂದವರಾದರೆ ಮಾತಿನಲ್ಲೇ ಗೊತ್ತಾಗುತ್ತದೆ. ಮುಟ್ಟುತ್ತೀರಾ, ಕೇಳಿ ಮುಟ್ಟುತ್ತೀರಾ ಅಂತ ಕೇಳಿ. ಕನ್ನಡದಲ್ಲಿ ಹೇಳುತ್ತೀರಾ ಅಂತಲೂ ಕೇಳಿ, ನಾಚಿಕೊಳ್ಳಬೇಡಿ. ಒಳಗೆ ಏನಾಗುತ್ತಿದೆ ಅನ್ನುವುದನ್ನು ಬೇರೆ ಭಾಷೆಯಲ್ಲಿ ಹುಡುಕುತ್ತಾ ಹೋದರೆ ಅರ್ಧ ಮೈ ಅಲ್ಲೇ ಕಳೆದುಹೋಗುತ್ತದೆ.

ಕೊನೆಯದಾಗಿ, ನಡುವೆ ಎದ್ದು ಹೋಗಬಹುದಾ ಅಂತ ಕೇಳಿ. ಒಬ್ಬರು ನನಗೆ "ಪೂರ್ತಿ ಇರೋ ಹಾಗಿದ್ರೆ ಮಾತ್ರ ಬನ್ನಿ, ಇಲ್ಲಾಂದ್ರೆ ಎನರ್ಜಿ ಒಡೆಯುತ್ತೆ" ಅಂದರು. ಆ ಅಳಿಸುವ ಶಿಬಿರ ಅವರದೇ. ಭಾನುವಾರದ ಗುಂಪು ನಡೆಸುವ ಅಕ್ಕನಿಗೆ ಅದೇ ಪ್ರಶ್ನೆ ಕೇಳಿದ್ದೆ. "ಬಾಗಿಲು ಹಾಕೋದಿಲ್ಲ ಮೇಡಂ, ಚಪ್ಪಲಿ ಅಲ್ಲೇ ಇರುತ್ತೆ" ಅಂದರು.